ಅಮ್ಮನ ಕಲ್ಲು

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು, ನನಗಾಗ ಹದಿಮೂರು. ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಅಮ್ಮ ಸತ್ತ ದಿನ ಅಪ್ಪ ಹೊಳೆನರಸೀಪುರದ ಹೊಳೆಯಲ್ಲಿ ಮಿಂದು ಒಂದು ಕಪ್ಪು ಕಲ್ಲು ತಂದರು. ಹತ್ತು ದಿನ ಸತ್ತವರು ಆ ಕಲ್ಲಿನಲ್ಲೇ ಇರುತ್ತಾರೆ. ಎಳ್ಳುನೀರು, ಪಿಂಡ ಎಲ್ಲ ಅದಕ್ಕೇ. ಕಳೆದರೆ ಕರ್ಮವೆಲ್ಲ ಮೊದಲಿಂದ ಆಗಬೇಕು ಎಂದು ಪುರೋಹಿತರು ಅಪ್ಪನನ್ನು ಎಚ್ಚರಿಸಿದ್ದರು.

ದಿನವೂ ಅದನ್ನು ಜಗಲಿಯಲ್ಲಿಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ: ನೆಲ್ಲಿಕಾಯಿಯಷ್ಟು ದಪ್ಪ, ನುಣುಪು, ಸುತ್ತಲೂ ಜನಿವಾರದ ಎಳೆಯಂಥ ಬಿಳಿ ಗೆರೆ. ಇಂಥ ಕಲ್ಲುಗಳ ವಿಷಯ ಹೇಳಿಕೊಟ್ಟವಳೇ ಅಮ್ಮ. ಬೆಟ್ಟದಿಂದ ಮುರಿದು ಬಿದ್ದಾಗ ಅವಕ್ಕೂ ಚೂಪು ಮೂಲೆಗಳಿರುತ್ತವಂತೆ. ಹೊಳೆ ಉರುಳಿಸುತ್ತ ಒಂದಕ್ಕೊಂದು ತಿಕ್ಕಿದಾಗ ಮೆತ್ತನೆಯವು ಮರಳಾಗುತ್ತವೆ, ಗಟ್ಟಿಯವು ನುಣ್ಣಗಾಗಿ ಉಳಿಯುತ್ತವೆ. "ಸೊಸೆಯರ ಹಾಗೆ" ಎಂದು ನಗುತ್ತಿದ್ದಳು.

ಆರನೆಯ ದಿನ ಅಪ್ಪ ಕಲ್ಲು, ಪಿಂಡದ ಅನ್ನ ಕಟ್ಟಿದ್ದ ಗಂಟನ್ನು ದಡದಲ್ಲಿಟ್ಟು ನೀರಿಗಿಳಿದಾಗ, ಅನ್ನದ ವಾಸನೆಗೆ ನಾಯಿಯೊಂದು ಗಂಟು ಎಳೆದಾಡಿತು. ಕಲ್ಲು ಉರುಳಿ ಸಾವಿರ ಕಲ್ಲುಗಳಲ್ಲಿ ಸೇರಿಹೋಯಿತು. ಪುರೋಹಿತರಿಗೆ ಚನ್ನರಾಯಪಟ್ಟಣದ ಬಸ್ಸು ಹಿಡಿಯುವ ಆತುರ, ಅಪ್ಪನಿಗೆ ರಜೆ ಮುಗಿಯುವ ಚಿಂತೆ. ಸಿಕ್ಕ ಕಪ್ಪು ಕಲ್ಲೊಂದನ್ನು ಎತ್ತಿಕೊಂಡು ಇಬ್ಬರೂ ಮನೆಗೆ ಬಂದರು. ಅದರಲ್ಲಿ ಗೆರೆಯೇ ಇರಲಿಲ್ಲ.

"ಇದು ಅಮ್ಮ ಅಲ್ಲ," ಎಂದೆ.

"ಕಲ್ಲು ತಾನೆ ಮಗು, ಯಾವುದಾದರೇನು?" ಎಂದರು ಪುರೋಹಿತರು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ!

ಹೊಳೆಗೆ ಓಡಿದೆ. ಬಿಸಿಲಿಗೆ ಒಣಗಿದ ಕಲ್ಲುಗಳೆಲ್ಲ ಒಂದೇ ಬೂದಿ ಬಣ್ಣ. ಅಳುತ್ತ ಹುಡುಕುತ್ತಿದ್ದವಳನ್ನು ಕಂಡು ಬಟ್ಟೆ ಒಗೆಯುತ್ತಿದ್ದ ಮಡಿವಾಳರ ಮುದುಕಿ ಎದ್ದು ಬಂದಳು.

"ಒಣಗಿದ್ ಕಲ್ಲು ಎಲ್ಲಾ ಒಂದೇ ಕಣವ್ವಾ. ನೀರ್ ಉಯ್ದು ನೋಡು, ಬಣ್ಣ ಬುಟ್ಕತದೆ," ಎಂದು ಕೊಡದಿಂದ ಸುರಿಯತೊಡಗಿದಳು. ಕೆಲವು ಕಪ್ಪಾದವು, ಕೆಲವು ಹಸಿರಾದವು. ಗೆರೆಯಿದ್ದವು ಏಳೆಂಟು ಸಿಕ್ಕವು. ಗೆರೆ ಸುತ್ತಲೂ ಬಂದು ಕೂಡಿದ್ದು ಒಂದೇ. ಮುದುಕಿಯೇ ಅದನ್ನೆತ್ತಿ ನನ್ನ ಅಂಗೈಗಿಟ್ಟಳು.

ಬಸ್ಸು ತಪ್ಪಿ ಪುರೋಹಿತರು ಇನ್ನೂ ಜಗಲಿಯಲ್ಲೇ ಇದ್ದರು. ಕಲ್ಲು ತೋರಿಸಿದೆ. ಯಾರು ಹುಡುಕಿಕೊಟ್ಟರು ಎಂದು ಕೇಳಿದರು. ನಿಜ ಹೇಳಿದೆ.

"ಮೈಲಿಗೆಯಾಯಿತು, ಬಿಸಾಡು!"

"ಬರೀ ಕಲ್ಲಿಗೆ ಮೈಲಿಗೆ ಹೇಗಾಗತ್ತೆ?" ಎಂದೆ. ಅಪ್ಪನ ಕೈ ನನ್ನ ಕೆನ್ನೆಗೆ ಬಿತ್ತು.

ಉಳಿದ ನಾಲ್ಕು ದಿನ ಅವರು ಯಾವುದೋ ಕಲ್ಲಿಗೆ ಅಮ್ಮನ ಹೆಸರು ಹೇಳಿ ಎಳ್ಳುನೀರು ಬಿಟ್ಟರು. ಮಂತ್ರ ಬಾರದ ನಾನು, ಬಿಸಾಡದೆ ಬಚ್ಚಿಟ್ಟ ಗೆರೆಯ ಕಲ್ಲನ್ನು ಮುಂದಿಟ್ಟುಕೊಂಡು ಹಿತ್ತಲಲ್ಲಿ ಕೂತು, "ಅಮ್ಮಾ, ನೀರು ಕುಡಿ" ಎಂದು ಚೊಂಬಿನಿಂದ ಹೊಯ್ದೆ.