ಖಾರದ ಪ್ಯಾಕೆಟ್ ಮೇಲಿನ ಅಕ್ಕ

ನಾನು ಚಿಕ್ಕವಳಿದ್ದಾಗ ಗಜೇಂದ್ರಗಡದ ನಮ್ಮ ಹಿತ್ತಲಿನಿಂದ ಒನಕೆಯ ಸದ್ದು ಕೇಳುತ್ತಿತ್ತು. ಧಪ್, ಧಪ್, ನಡುವೆ ಒಂದು ಸೀನು. ಅಪ್ಪ ಮಸಾಲೆ ಖಾರ ಕುಟ್ಟಿಸಿ ಮಾರುತ್ತಿದ್ದರು. ಕುಟ್ಟುವವಳನ್ನು ನಾವು ಅಕ್ಕ ಎನ್ನುತ್ತಿದ್ದೆವು; ಸ್ವಂತ ಅಕ್ಕನಲ್ಲ. ತೆಳ್ಳಗಿನ ಹೆಂಗಸು, ಗದ್ದದ ಮೇಲೆ ಹಸಿರು ಹಚ್ಚೆಯ ಮೂರು ಚುಕ್ಕೆ. ಮೆಣಸಿನಕಾಯಿ ಮೂಸಿದರೆ ಸಾಕು, ಹೋದ ವರ್ಷದ್ದೋ ಈ ವರ್ಷದ್ದೋ ಹೇಳಿಬಿಡುತ್ತಿದ್ದಳು.

ಲೇಬಲ್‌ಗೆ ಅವಳ ಮುಖವೇ ಇರಲಿ ಎಂದರು ಅಪ್ಪ. ಅಕ್ಕ ಇಳಕಲ್ ಸೀರೆ ಉಟ್ಟು ಫೋಟೊ ಸ್ಟುಡಿಯೊಗೆ ಹೋಗಿ, ಉಸಿರು ಬಿಗಿಹಿಡಿದು ಕುಳಿತು ಬಂದಳು. 'ನನ್ನ ಮಗಳು ದೊಡ್ಡಾಕಿ ಆದ್ರೂ ನೋಡ್ತಾಳ್ರಿ' ಎಂದು ಓಣಿಗೆಲ್ಲ ಹೇಳಿದಳು.

ಹೊಸ ಮಾಲಿನ ಮೊದಲ ಗಂಟಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ದುಡಿದವರ ಕೈಯಿಂದಲೇ ಬಿಚ್ಚಿಸುವುದು ನಮ್ಮ ಮನೆಯ ಪದ್ಧತಿ. ನಾನು ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ. ಊದಿನಕಡ್ಡಿಯ ಹೊಗೆ, ಹೊಸ ಕಾಗದದ ವಾಸನೆ, ಸುತ್ತ ಓಣಿಯ ಹೆಂಗಸರು. ಅಚ್ಚಾಗಿ ಬಂದ ಲೇಬಲ್‌ಗಳ ಗಂಟಿನ ದಾರವನ್ನು ಅಕ್ಕ ಬಿಚ್ಚಿದಳು.

ಲೇಬಲ್ ಮೇಲೆ ಇದ್ದಲಿನಂಥ ಕಪ್ಪು ಮುಖ, ಉಬ್ಬಿದ ಕಣ್ಣು, ಖಾರಕ್ಕೆ ಚಾಚಿದ ಉದ್ದನೆಯ ನಾಲಿಗೆ. ಗದ್ದದಲ್ಲಿ ಮಾತ್ರ ಅವಳದೇ ಮೂರು ಚುಕ್ಕೆ.

ಮೊದಲು ನಕ್ಕವಳು ನಾನು. ಆಮೇಲೆ ಎಲ್ಲರೂ ನಕ್ಕರು.

'ಸಾವ್ಕಾರ್ರ, ನಾ ಹಿಂಗ ಅದೀನೇನ್ರಿ?' ಎಂದಳು ಅಕ್ಕ.

'ಚ್ಯಾಷ್ಟಿಗೆ ಬರಸೀನಿ ಬೇ. ಮಂದಿ ನಕ್ಕರ ಮಾಲು ಲಗೂ ಹೋಗ್ತೈತಿ' ಎಂದರು ಅಪ್ಪ.

'ನಗಸಾಕ ನಿಮ್ಮ ಮಾರೀನ ಹಾಕಬೇಕಿತ್ತಲ್ರಿ.'

ಅಷ್ಟು ಹೇಳಿ, ಕೈಯಲ್ಲಿದ್ದ ಕಾಯಿಹೋಳು ಕೆಳಗಿಟ್ಟು ಹೋದಳು. ಮತ್ತೆ ಕೆಲಸಕ್ಕೆ ಬರಲಿಲ್ಲ. ಬೀದಿಯಲ್ಲಿ ಕಂಡರೆ ಮಕ್ಕಳು ಅವಳತ್ತ ನಾಲಿಗೆ ಚಾಚುತ್ತಿದ್ದರು.

ಆ ಚಿತ್ರವನ್ನು, ನಮ್ಮ ಖಾರದ ವ್ಯಾಪಾರ ಕೊಂಡುಕೊಂಡ ಈಗಿನ ಕಂಪನಿಯವರು ಈಚೆಗೆ ತೆಗೆದುಹಾಕಿದರಲ್ಲ, ಫೋನಿನಲ್ಲಿ ಆ ಸುದ್ದಿ ಓದಿ ನೀವು 'ಗುಡ್ ಅಜ್ಜಿ, ಇಟ್ ವಾಸ್ ಇನ್ಸಲ್ಟಿಂಗ್' ಎಂದಿರಿ. ಖರೇ, ಮಕ್ಕಳೇ. ಗೆಳತಿಯ ಫೋಟೊ ಹಾಕುವ ಮುನ್ನ ನೀವು ಅವಳಿಗೆ ತೋರಿಸಿ ಕೇಳುತ್ತೀರಿ. ನಮ್ಮ ಮನೆಯಲ್ಲಿ ಅದು ಯಾರಿಗೂ ಹೊಳೆಯಲಿಲ್ಲ. ಆದರೆ ನಿಮಗೆ ಅದು ಬರೀ ಒಂದು ಕೆಟ್ಟ ಕಾರ್ಟೂನು. ಅದರ ಹಿಂದೆ ಒಬ್ಬಳಿದ್ದಳು ಎಂದು ಹೇಳಲು ನಮ್ಮ ಮನೆಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ.

ಕಾನ್ವೆಂಟಿನಲ್ಲಿ ಮಾತುಮಾತಿಗೆ 'ಸಾರಿ' ಎನ್ನಲು ಕಲಿತಿದ್ದೆ. ಅವಳಿಗೆ ಅನ್ನಲಿಲ್ಲ. ಅವಳನ್ನು ಕೊನೆಯ ಸಲ ಕಂಡದ್ದು ರೋಣದ ಬಸ್ ನಿಲ್ದಾಣದಲ್ಲಿ. ಬೆಳವಣಕಿಯ ಬಸ್ಸಿನ ಕಿಟಕಿಯ ಬಳಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಎದುರಿನ ಅಂಗಡಿಯ ತುಂಬ ನಮ್ಮ ಪ್ಯಾಕೆಟ್‌ಗಳು ತೂಗುತ್ತಿದ್ದವು. ಬಸ್ಸು ಮೂಲೆ ತಿರುಗುವವರೆಗೂ ಅಕ್ಕ ಮಗಳ ಕಣ್ಣುಗಳನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು.