ಕಿರುಬೆರಳಷ್ಟು ಸಂದು

ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಅವರು ಟವೆಲ್ಲಿಗೆ ಕೈ ಹಾಕುವುದಿಲ್ಲ. ಒದ್ದೆ ಕೈಯಲ್ಲೇ ಮನೆಯ ಕಿಟಕಿಗಳ ಹತ್ತಿರ ಹೋಗುತ್ತಾರೆ. ಬಲಗೈಯ ಹಿಂಬದಿಯನ್ನು ಚೌಕಟ್ಟಿನ ಅಂಚಿಗೆ ಒಡ್ಡಿ, ಕೆಳಗಿನಿಂದ ಮೇಲಕ್ಕೆ, ಅಲ್ಲಿಂದ ಅಡ್ಡಕ್ಕೆ, ಮತ್ತೆ ಕೆಳಕ್ಕೆ ಮೆಲ್ಲಗೆ ಆಡಿಸುತ್ತಾರೆ. ಎಲ್ಲಾದರೂ ತಣ್ಣಗೆ ಅನ್ನಿಸಿದರೆ ಅಲ್ಲಿ ಗಾಳಿ ನುಸುಳುತ್ತಿದೆ ಎಂದು ಅರ್ಥ. ಅಂಗೈಗಿಂತ ಕೈಯ ಹಿಂಬದಿಗೆ ಅದು ಬೇಗ ತಿಳಿಯುತ್ತದಂತೆ. ಜ್ವರ ಬಂದು ಮಲಗಿದ್ದಾಗಲೂ ಗೋಡೆ ಹಿಡಿದುಕೊಂಡು ಎದ್ದು, ಈ ಸುತ್ತು ಮುಗಿಸಿಯೇ ಮತ್ತೆ ಮಲಗಿದವರು. "ಕಿಟಕಿಗೆ ಜ್ವರ ಇಳಿದಿದೆಯಾ, ಡಾಕ್ಟ್ರೇ?" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳುತ್ತಾರೆ. ಅವರ ಕೆಳಗಿನ ಮನೆ ನಮ್ಮದು. ನನ್ನ ಪ್ರಾರ್ಥನೆ ಮುಗಿಯುವುದಕ್ಕೂ ಮೇಲೆ ಅವರ ಹೆಜ್ಜೆಯ ಸದ್ದು ನಿಲ್ಲುವುದಕ್ಕೂ ಸರಿಹೋಗುತ್ತದೆ.

ಗಾಜು ಕೂರಿಸುವುದು ಅವರ ಕಸುಬು. ಎಲ್ಲರೂ ಅವರನ್ನು ಗಾಜಣ್ಣ ಅನ್ನುತ್ತಾರೆ. ಅಂಗಡಿಗಳ ಮುಂಭಾಗದ ದೊಡ್ಡ ಗಾಜು, ಆಸ್ಪತ್ರೆಯ ಕಿಟಕಿ, ಮೀನಿನ ತೊಟ್ಟಿ, ಯಾವುದಾದರೂ ಸರಿ. ಗಾಜಣ್ಣ ಕೂರಿಸಿದ ಕಿಟಕಿಯ ಪಕ್ಕದಲ್ಲಿ ಮೇಣದ ಬತ್ತಿ ಹಚ್ಚಿಟ್ಟರೆ ಹೊರಗೆ ಬಿರುಗಾಳಿ ಬೀಸಿದರೂ ಕುಡಿ ಅಲುಗುವುದಿಲ್ಲ ಎಂದು ಅವರ ಜೊತೆ ಕೆಲಸ ಮಾಡುವವರು ಹೇಳುತ್ತಾರೆ. ಗಾಜಣ್ಣನ ಬಾಯಲ್ಲಿ ಸಂದು ಅನ್ನುವುದು ಬೈಗುಳ. ಕೆಲಸಕ್ಕೆ ಬಾರದ ಮನುಷ್ಯನನ್ನು ಕಂಡರೆ "ಅವನು ಬರೀ ಸಂದು" ಅನ್ನುತ್ತಾರೆ.

ಅವರ ಹೆಂಡತಿಗೆ ಒಂದು ದೊಡ್ಡ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವ ಕೆಲಸ. ಡಾಕ್ಟರ ಸಿಡುಕನ್ನು ರೋಗಿಗೆ ಮೆತ್ತಗೆ ಮಾಡಿ ಹೇಳುವುದು, ರೋಗಿಯ ರೇಗಾಟವನ್ನು ಡಾಕ್ಟರಿಗೆ ಮೆತ್ತಗೆ ಮಾಡಿ ಮುಟ್ಟಿಸುವುದು. ಮನೆಯಲ್ಲೂ ಅದೇ ಕೆಲಸ ಅವರ ಪಾಲಿಗೆ ಬಂದದ್ದು ತಾಯಿ ಬಂದು ಸೇರಿದ ಮೇಲೆ. ಏಕೆಂದರೆ ಆ ತಾಯಿ ಅಳಿಯನ ಜೊತೆ ಮಾತಾಡುತ್ತಿರಲಿಲ್ಲ.

ಅದರ ಕಾರಣ ಹಳೆಯದು. ಮದುವೆಯಾದ ಹೊಸತರಲ್ಲಿ ಗಾಜಣ್ಣ ಅತ್ತೆಯ ಮನೆಗೆ ಹೋಗಿದ್ದರು. ಬಚ್ಚಲಿಗೆ ಕೈ ತೊಳೆಯಲು ಹೋದವರು ಒದ್ದೆ ಕೈಯನ್ನು ಕಿಟಕಿಗೆ ಒಡ್ಡದೆ ಇರುತ್ತಾರೆಯೇ? ಹೊರಗೆ ಬಂದು, "ಈ ಕಿಟಕಿ ಕೂರಿಸಿದವರಿಗೆ ಕೈ ಇರಲಿಲ್ಲವಾ? ಇಷ್ಟು ಸಂದು ಬಿಟ್ಟಿದ್ದಾರೆ. ನಾನು ಮುಚ್ಚಿಕೊಡ್ತೀನಿ, ಐದು ನಿಮಿಷದ ಕೆಲಸ" ಅಂದರು. ಕೂರಿಸಿದ್ದು ಮಾವನವರು. ಅವರು ತೀರಿಕೊಂಡು ಆಗ ವರ್ಷವೂ ತುಂಬಿರಲಿಲ್ಲ. ಅತ್ತೆ "ಬೇಡ" ಅಂದರು. ಅಳಿಯನಿಗೆ ನೇರವಾಗಿ ಹೇಳಿದ ಕೊನೆಯ ಮಾತು ಅದು.

ಅವರಿದ್ದ ಬಾಡಿಗೆ ಮನೆಯನ್ನು ಮಾಲೀಕರು ಕೆಡವಲು ಹೊರಟಾಗ ಆ ತಾಯಿ ಮಗಳ ಮನೆಗೆ ಬಂದರು. ಕೈಯಲ್ಲಿ ಒಂದು ಸೂಟ್‌ಕೇಸು, ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ. ಡಬ್ಬಿಯೊಳಗೆ ಒದ್ದೆ ಬಟ್ಟೆಯ ಮೇಲೆ ಎರಡು ಆರ್ಕಿಡ್ ಗಿಡಗಳು. ಗಿಡ ಅಂದರೆ ನಗು ಬರಬೇಕು, ಎಲೆಗಳು ಹೆಬ್ಬೆರಳ ಉಗುರಿನಷ್ಟು. ಒಂದೊಂದು ತುಂಡು ತೊಗಟೆಗೆ ಬೇರು ಕಚ್ಚಿಕೊಂಡು ಕೂತಿದ್ದವು. ಆಕೆ ಬಹಳ ಕಾಲ ಸಾರ್ವಜನಿಕ ತೋಟದ ಗಾಜಿನ ಮನೆಯಲ್ಲಿ ನೀರು ಹಾಕುವ ಕೆಲಸದಲ್ಲಿದ್ದವರು. ಆ ಗಾಜಿನ ಮನೆಯನ್ನು ತೆಗೆದಾಗ ದೊಡ್ಡ ಗಿಡಗಳನ್ನು ಲಾರಿಯಲ್ಲಿ ಸಾಗಿಸಿದರು. ಯಾರ ಕಣ್ಣಿಗೂ ಬೀಳದ ಇವೆರಡನ್ನು ಮೇಲ್ವಿಚಾರಕರು "ನೀವೇ ಇಟ್ಟುಕೊಳ್ಳಿ" ಎಂದು ಅವರ ಕೈಗೆ ಕೊಟ್ಟಿದ್ದರು. ಆಮೇಲೆ ಅವು ಬೆಳೆದದ್ದೆಲ್ಲ ಆ ಬಾಡಿಗೆ ಮನೆಯ ಬಚ್ಚಲಿನ ಕಿಟಕಿಯ ಬಳಿ, ಬಿಸಿನೀರಿನ ಹಬೆ ಕುಡಿದುಕೊಂಡು.

ಗಾಜಣ್ಣನ ಮನೆಯ ಬಚ್ಚಲಿಗೆ ಕಿಟಕಿಯೇ ಇಲ್ಲ, ಬೆಳಕಿಲ್ಲ. ಉಳಿದ ಕೋಣೆಗಳಲ್ಲಿ ಗಾಳಿ ಒಣಗಿ ಹಪ್ಪಳ. ಬಂದ ಕೆಲವೇ ದಿನಗಳಲ್ಲಿ ಎಲೆಗಳು ಸುಕ್ಕುಗಟ್ಟಿದವು.

"ನಿನ್ನ ಯಜಮಾನರಿಗೆ ಹೇಳು, ಈ ಮನೆ ಬಿಸ್ಕತ್ತಿನ ಡಬ್ಬಿ ಇದ್ದಹಾಗಿದೆ. ಒಳಗಿಟ್ಟದ್ದೆಲ್ಲ ಗರಿಗರಿ ಆಗುತ್ತೆ" ಎಂದು ತಾಯಿ ಅಡುಗೆಮನೆಯಲ್ಲಿ ಹೇಳಿದರು.

ಮಗಳು ಹಜಾರಕ್ಕೆ ಬಂದು, "ರೀ, ಅಮ್ಮನಿಗೆ ಮನೆ ಬೆಚ್ಚಗಿದೆ ಅನ್ನಿಸ್ತಂತೆ" ಅಂದರು.

"ಅನ್ನಿಸದೆ ಏನು" ಎಂದು ಗಾಜಣ್ಣ ಹಿಗ್ಗಿದರು.

ಆದರೆ ಮುಂದಿನ ಮಾತನ್ನು ಮೆತ್ತಗೆ ಮಾಡುವ ದಾರಿ ಮಗಳಿಗೂ ಕಾಣಲಿಲ್ಲ. "ನನ್ನ ಗಿಡ ಹೋದರೆ ನಾನೂ ಹೋದೆ ಅಂತ ತಿಳಿದುಕೋ. ನನ್ನ ತಂಗಿ ಮನೇಲಿ ಬಚ್ಚಲಿಗೆ ಕಿಟಕಿಯಾದರೂ ಇದೆ" ಅಂದುಬಿಟ್ಟರು ತಾಯಿ. ಆ ತಂಗಿಯ ಮನೆ ಇರುವುದು ಇನ್ನೊಂದು ಊರಿನಲ್ಲಿ, ಕಡಿದಾದ ಮೆಟ್ಟಿಲಿನ ತುದಿಯಲ್ಲಿ. ಈಕೆಗೆ ಮಂಡಿ ಬಗ್ಗುವುದಿಲ್ಲ. ಅಲ್ಲಿ ಮಲಗಲು ಜಾಗವೂ ಇಲ್ಲ; ಸೊಸೆ, ಮೊಮ್ಮಕ್ಕಳು ಎಂದು ಮನೆ ತುಂಬಿದೆ. ಹೋದರೆ ಮತ್ತೆ ಮೆಟ್ಟಿಲಿಳಿದು ಬರುವುದು ಸುಳ್ಳು ಎಂದು ಮಗಳಿಗೆ ಗೊತ್ತಿತ್ತು. ಹಾಗಾಗಿ ಈ ಮಾತನ್ನು ಮಾತ್ರ ಇದ್ದದ್ದು ಇದ್ದಹಾಗೆ ಗಂಡನಿಗೆ ಮುಟ್ಟಿಸಿದರು.

"ಇಷ್ಟೇ ತಾನೇ? ಗಿಡಕ್ಕೂ ಒಂದು ಗಾಜಿನ ಮನೆ ಕಟ್ಟಿಕೊಟ್ಟರಾಯಿತು" ಅಂದರು ಗಾಜಣ್ಣ. "ಗಾಜಿನ ವಿಷಯ ನನಗೆ ಬಿಡು."

ಒಂದು ಅಂಗಡಿಯವರು ಬದಲಾಯಿಸಿದ ಹಳೆಯ ಗಾಜನ್ನು ತಂದರು. ಕತ್ತರಿಸಿ, ಅಂಚುಗಳನ್ನು ಕಲ್ಲಿನಲ್ಲಿ ಉಜ್ಜಿ ನುಣ್ಣಗೆ ಮಾಡಿ, ಸಿಲಿಕೋನ್ ಅಂಟು ಎಳೆದು ನಿಲ್ಲಿಸಿದರು. ಸಣ್ಣ ಟಿ.ವಿ.ಯಷ್ಟು ಅಗಲ, ಅದಕ್ಕಿಂತ ಎತ್ತರ. ಅಂಟು ಆರುವವರೆಗೆ ಮನೆ ತುಂಬ ಹುಳಿ ವಾಸನೆ. ಅದು ಪೂರ್ತಿ ಹೋಗುವ ತನಕ ಗಿಡವನ್ನು ಹತ್ತಿರ ತರಕೂಡದು ಎಂದು ಅಡುಗೆಮನೆಯಿಂದ ಹೇಳಿಕೆ ಬಂತು. ಆಮೇಲೆ ಒಂದೊಂದಾಗಿ ಹೇಳಿಕೆಗಳು ಬಂದವು. ತಳದಲ್ಲಿ ಸಣ್ಣ ಬೆಣಚುಕಲ್ಲು, ನೀರು ಬಸಿದು ನಿಲ್ಲಲು. ಅದರ ಮೇಲೆ ಇದ್ದಿಲಿನ ಚೂರು, ಕೆಟ್ಟ ವಾಸನೆ ಬರದಿರಲು. ಮೇಲೆ ಹಸಿ ಪಾಚಿ. ಮಣ್ಣು ಒಂದು ಚಿಟಿಕೆಯೂ ಬೇಡ. ಕಾಡಿನಲ್ಲಿ ಮರದ ಮೇಲೆ ಇರುವಂಥವು, ಮಣ್ಣಿನಲ್ಲಿ ಇಟ್ಟರೆ ಕೊಳೆಯುತ್ತವೆ. ಹಿಂದಿನ ಗೋಡೆಗೆ ತೊಗಟೆಯ ಹಲಗೆ, ಅದಕ್ಕೆ ಗಿಡವನ್ನು ನೈಲಾನ್ ದಾರದಲ್ಲಿ ಸಡಿಲವಾಗಿ ಕಟ್ಟಬೇಕು. ನಲ್ಲಿ ನೀರು ಬೇಡ, ಮಳೆ ನೀರು ಹಿಡಿದಿಡಿ. ಬಿಸಿಲಿಗೆ ಇಟ್ಟರೆ ಬೆಂದುಹೋಗುತ್ತವೆ, ಮೇಲೊಂದು ಎಲ್‌ಇಡಿ ದೀಪ ಹಾಕಿ. ಗಾಜಣ್ಣ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದರು. ಕೊನೆಗೆ ಮುಚ್ಚಳಕ್ಕೆ ಸುತ್ತಲೂ ರಬ್ಬರ್ ಪಟ್ಟಿ ಹಾಕಿ ಕೂರಿಸಿ, ಅಂಚಿನುದ್ದಕ್ಕೂ ಒದ್ದೆ ಕೈ ಆಡಿಸಿದರು. ಎಲ್ಲೂ ತಣ್ಣಗಾಗಲಿಲ್ಲ.

"ಅಮ್ಮ ಏನಂದರು?" ಎಂದು ಹೆಂಡತಿಯನ್ನು ಕೇಳಿದರು.

"ಚೆನ್ನಾಗಿದೆ ಅಂದರು ರೀ."

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಸುಕ್ಕು ಹೋಗಿ ಎಲೆಗಳು ತುಂಬಿಕೊಂಡವು. ಆಮೇಲೆ ಗಾಜಿನ ಒಳಗೆ ಮಂಜು ಕಟ್ಟತೊಡಗಿತು. ತಾಯಿ ಕುರ್ಚಿ ಎಳೆದುಕೊಂಡು ಮುಂದೆ ಕೂತರೆ ಬಿಳಿ ಪರದೆ ಬಿಟ್ಟು ಬೇರೇನೂ ಕಾಣದು. ಮುಚ್ಚಳದ ಅಂಚಿನಲ್ಲಿ ನೀರಹನಿ ಸಾಲುಗಟ್ಟಿದ್ದನ್ನು ಗಾಜಣ್ಣ ಗಮನಿಸಿದರು. ಎಲ್ಲೋ ಸೋರುತ್ತಿದೆ, ಒಳಗಿನ ತೇವ ಹೊರಗೆ ಹೋಗುತ್ತಿದೆ ಎಂದುಕೊಂಡು ಅಲ್ಲಿಗೂ ಇನ್ನೊಂದು ಗೆರೆ ಸಿಲಿಕೋನ್ ಎಳೆದುಬಿಟ್ಟರು. ನೀರು ಚಿಮುಕಿಸಲು ಒಂದು ತೂತು ಮಾತ್ರ, ಅದಕ್ಕೂ ಬಿರಡೆ.

ಒಂದು ಬೆಳಿಗ್ಗೆ ಎರಡರಲ್ಲಿ ದೊಡ್ಡ ಗಿಡದ ಬುಡ ಕಪ್ಪಾಗಿತ್ತು. ಪಾಚಿಯ ಮೇಲೆ ಹತ್ತಿಯಂಥ ಬೂಷ್ಟು. ಗಾಜಣ್ಣ ಬಿರಡೆ ತೆಗೆದರೆ ಕೊಳೆತ ವಾಸನೆ. ಎಲೆಯನ್ನು ಕಡ್ಡಿಯಿಂದ ಮುಟ್ಟಿದರು, ಅದು ನೀರಾಗಿ ಕಳಚಿ ಬಿತ್ತು.

ತಾಯಿ ಕೋಣೆಗೆ ಹೋಗಿ, ಸೂಟ್‌ಕೇಸು ತಂದು ಹಜಾರದಲ್ಲಿ ಇಟ್ಟು, ಸೀರೆಗಳನ್ನು ಮಡಿಸಿ ತುಂಬತೊಡಗಿದರು.

"ಅಮ್ಮಾ, ಇನ್ನೊಂದು ಚೆನ್ನಾಗಿದೆಯಲ್ಲ" ಅಂದರು ಮಗಳು.

"ಅದೂ ಉಸಿರುಕಟ್ಟಿ ಸಾಯುತ್ತೆ. ದೇವರು ಪುಕ್ಕಟೆ ಕೊಟ್ಟ ಗಾಳಿಗೂ ಬೀಗ ಹಾಕಿದರೆ ಇನ್ನೇನಾಗುತ್ತೆ? ಮುಚ್ಚಳ ಹಾಕುವಾಗಲೇ ಹೇಳಿ ಕಳಿಸಿದ್ದೆ ನಾನು. ಕೆಳಗೊಂದು ಮೇಲೊಂದು ಸಂದು ಬಿಡೋಕೆ ಹೇಳು, ಒಳಗೆ ಗಾಳಿ ಆಡಬೇಕು ಅಂತ. ಕೇಳುವವರು ಯಾರು?"

ಗಾಜಣ್ಣ ಹೆಂಡತಿಯ ಕಡೆ ನೋಡಿದರು. ಹೆಂಡತಿ ತಮ್ಮ ಕೈಯಲ್ಲಿದ್ದ ಸೌಟಿನ ಕಡೆ ನೋಡಿದರು.

"ಏನೇ, ನನಗೆ ಹೇಳಲಿಲ್ಲವಲ್ಲ ನೀನು?"

"ಹೇಗ್ರೀ ಹೇಳಲಿ? ಸಂದು ಅಂದರೆ ಸಾಕು, ನಿಮಗೆ ಮೈಮೇಲೆ ಬರುತ್ತೆ, ಇವರಿಗೆ ಅಪ್ಪನ ಕಿಟಕಿ ನೆನಪಾಗುತ್ತೆ. ಮತ್ತೆ ಮೊದಲಿನಿಂದ ಶುರು. ಅದಕ್ಕೇ ಚೆನ್ನಾಗಿದೆ ಅಂದರು ಅಂದೆ."

"ಒಂದೇ ಮಾತು ನುಂಗಿದೆ ನೀನು, ಅದೂ ಬೇಕಾದದ್ದನ್ನೇ ನುಂಗಿದೆ" ಅಂದರು ತಾಯಿ.

ಗಾಜಣ್ಣ ಬ್ಲೇಡು ತಂದು ತಾವೇ ಎಳೆದ ಅಂಟನ್ನು ಕೊಯ್ಯತೊಡಗಿದರು. ಇಷ್ಟು ವರ್ಷದ ಕೆಲಸದಲ್ಲಿ ತಾವು ಕೂರಿಸಿದ ಗಾಜನ್ನು ಕಿತ್ತದ್ದು ಅದೇ ಮೊದಲಂತೆ. ಕೊಳೆತ ಗಿಡವನ್ನೂ ಬೂಷ್ಟು ಹಿಡಿದ ಪಾಚಿಯನ್ನೂ ತೆಗೆದು ಹಾಕಿದರು. ಮುಂದಿನ ಗಾಜನ್ನು ಬಿಡಿಸಿ ಮೇಜಿನ ಮೇಲೆ ಮಲಗಿಸಿ, ಅಳತೆಪಟ್ಟಿ ಹಿಡಿದು, ಯಾರ ಕಡೆಯೂ ತಿರುಗದೆ ಕೇಳಿದರು:

"ಎಷ್ಟು ಬಿಡಲಿ, ಅತ್ತೆ?"

ಅತ್ತೆ ಮಡಿಸುತ್ತಿದ್ದ ಸೀರೆಯನ್ನು ಹಾಗೇ ಹಿಡಿದುಕೊಂಡು ಮಗಳಿಗೆ ಹೇಳಿದರು, "ಕಿರುಬೆರಳಷ್ಟು ಅನ್ನು."

"ನಾನು ಮನೇಲಿ ಇಲ್ಲ" ಅಂದರು ಮಗಳು. ಸೌಟನ್ನು ಮೇಜಿನ ಮೇಲಿಟ್ಟು ಬಚ್ಚಲಿಗೆ ಹೋಗಿ, ಚಿಲಕ ಹಾಕಿಕೊಂಡು, ನಲ್ಲಿಯನ್ನು ಪೂರ್ತಿ ತಿರುಗಿಸಿದರು. ನೀರು ಬೀಳುವ ಸದ್ದು ನಮ್ಮ ಮನೆಗೂ ಕೇಳಿತು.

ಹಜಾರದಲ್ಲಿ ಇಬ್ಬರೇ ಉಳಿದರು. ಕೈಯಲ್ಲಿದ್ದ ಸೀರೆಯನ್ನು ಮಡಿಸಿ ಮುಗಿಸಿ ಅತ್ತೆ, "ಕಿರುಬೆರಳಷ್ಟು" ಅಂದರು. ಈ ಸಲ ಗೋಡೆಗೆ ಹೇಳಿದ ಹಾಗಿತ್ತು.

"ಯಾರ ಕಿರುಬೆರಳು? ನಿಮ್ಮದಾ, ನನ್ನದಾ?" ಎಂದು ಗಾಜಣ್ಣ ಕೇಳಿದರು. ಅವರು ತಮಾಷೆಗೆ ಕೇಳಿದ್ದಲ್ಲ, ಅಳತೆಗೆ ಕೇಳಿದ್ದು.

ಅತ್ತೆ ಎದ್ದು ಬಂದು ತಮ್ಮ ಬೆರಳನ್ನು ಗಾಜಿನ ಅಂಚಿಗೆ ಇಟ್ಟು ತೋರಿಸಿದರು. "ಕೆಳಗೆ ಇಷ್ಟು. ಮೇಲೆ, ಹಿಂದಿನ ಮೂಲೆಯಲ್ಲಿ ಇಷ್ಟು. ಹುಳ ಬರದ ಹಾಗೆ ಜಾಲರಿ ಹಾಕಿ. ದೀಪದ ಬಿಸಿಗೆ ಒಳಗಿನ ಗಾಳಿ ಮೇಲಿಂದ ಹೋಗುತ್ತೆ, ಹೊಸದು ಕೆಳಗಿಂದ ಬರುತ್ತೆ."

ಗಾಜಣ್ಣ ಗುರುತು ಹಾಕಿಕೊಂಡರು. ಗಾಜು ಕೊಯ್ಯುವ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಗೆರೆ ಎಳೆಯುವ ಮುಂಚೆ, "ಅಲ್ಲಿ, ಆ ಕಿಟಕಿ... ಮಾವನವರು ಗಿಡಕ್ಕೋಸ್ಕರವೇ ಬಿಟ್ಟಿದ್ದರಾ?" ಎಂದು ಕೇಳಿದರು.

"ಬೇಕು ಅಂತ ಬಿಟ್ಟರೋ, ಕೈತಪ್ಪಿ ಉಳಿಯಿತೋ, ನಾನು ಕೇಳಲಿಲ್ಲ. ಅವರು ಬಸ್ ರಿಪೇರಿ ಮಾಡುವವರು, ನಿಮ್ಮಷ್ಟು ಕೈ ಇರಲಿಲ್ಲ" ಅಂದರು ಅತ್ತೆ. "ಗಿಡವಂತೂ ಬದುಕಿತ್ತು."

ಗಾಜು ಟಕ್ಕೆಂದು ಗೆರೆಯಗುಂಟ ಮುರಿಯಿತು.

ಉಳಿದ ಒಂದು ಗಿಡ ಬದುಕುತ್ತದೆ ಎಂದು ಯಾರೂ ಮಾತು ಕೊಡುವ ಹಾಗಿರಲಿಲ್ಲ. ಅದರ ಒಂದು ಬೇರಿಗೂ ಕಪ್ಪು ತಗುಲಿತ್ತು. ಅತ್ತೆ ಅದನ್ನು ಕತ್ತರಿಸಿ ಗಾಯಕ್ಕೆ ಇದ್ದಿಲ ಪುಡಿ ಸವರಿ, ಹೊಸ ಪಾಚಿಯ ಮೇಲೆ ಕಟ್ಟಿದರು. ಸಂದು ಬಿಟ್ಟು ಕೂರಿಸಿದ ಮುಂದಿನ ಗಾಜಿನಲ್ಲಿ ಈ ಸಲ ಮಂಜು ನಿಲ್ಲಲಿಲ್ಲ. ಬೆಳಿಗ್ಗೆ ಕಟ್ಟಿದ್ದು ಹೊತ್ತೇರುವ ಮುಂಚೆ ಕರಗುತ್ತಿತ್ತು. ಸೂಟ್‌ಕೇಸು ತುಂಬಿದಂತೆಯೇ ಹಜಾರದಲ್ಲೇ ನಿಂತಿತ್ತು. ಅತ್ತೆ ಅದರಿಂದಲೇ ಒಂದೊಂದು ಸೀರೆ ತೆಗೆದು ಉಡುತ್ತಿದ್ದರು. ಯಾರೂ ಅದರ ಸುದ್ದಿ ಎತ್ತಲಿಲ್ಲ, ಅದನ್ನು ಸುತ್ತುಹಾಕಿಕೊಂಡು ಓಡಾಡುತ್ತಿದ್ದರು. ಆಮೇಲೊಂದು ದಿನ ಗಿಡದ ಬುಡದಿಂದ ಎಳೆ ಹಸಿರು ತುದಿಯ ಹೊಸ ಬೇರೊಂದು ಹೊರಟು ತೊಗಟೆಯನ್ನು ಮುಟ್ಟಿತು. ಅತ್ತೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಅಳಿಯಂದಿರೇ, ಈ ಪೆಟ್ಟಿಗೆ ಕಾಲಿಗೆ ತೊಡರುತ್ತೆ. ಅಟ್ಟದ ಮೇಲೆ ಹಾಕಿಬಿಡಿ" ಅಂದರು. ಗಾಜಣ್ಣ ಗಾಜಿನ ಪೆಟ್ಟಿಗೆ ಎಂದುಕೊಂಡು ಗಾಬರಿಯಾದರು. ಅತ್ತೆ ಕಾಲಿನಿಂದ ಸೂಟ್‌ಕೇಸನ್ನು ತೋರಿಸಿದರು.

ಈಗ ಬೆಳಗಿನ ಸುತ್ತು ಸ್ವಲ್ಪ ಉದ್ದವಾಗಿದೆ. ಕಿಟಕಿಗಳು ಮುಗಿದ ಮೇಲೆ ಹೆಜ್ಜೆ ಗಾಜಿನ ಪೆಟ್ಟಿಗೆಯ ಹತ್ತಿರ ನಿಲ್ಲುತ್ತದೆ.

ಮೊನ್ನೆ ಗಾಜಣ್ಣನ ಜೊತೆ ಕೆಲಸ ಮಾಡುವವರೊಬ್ಬರು ಏಣಿ ಕೇಳಲು ಬಂದಿದ್ದರು. ಗಿಡಕ್ಕೆಂದು ಹಿಡಿದಿಟ್ಟ ಹೊಸ ಮಳೆನೀರಿನ ಬಾಟಲಿ ಕೊಡಲು ನಾನೂ ಮೇಲೆ ಹೋಗಿದ್ದೆ. ಬಂದವರ ಕಣ್ಣು ನೇರ ಪೆಟ್ಟಿಗೆಯ ಮೇಲೆ ಬಿತ್ತು. ಬಗ್ಗಿ ನೋಡಿದರು, ಬೆರಳು ತೂರಿಸಿ ನೋಡಿದರು.

"ಏನಣ್ಣಾ ಇದು? ಮೇಲೂ ಸಂದು, ಕೆಳಗೂ ಸಂದು. ನಿಮ್ಮ ಮನೇಲೇ ಹೀಗಾ? ಯಾರಾದರೂ ನೋಡಿದರೆ ನಮ್ಮ ಮರ್ಯಾದೆ ಏನಾಗಬೇಕು?"

ಗಾಜಣ್ಣ ನಕ್ಕರು.

"ಸಿಲಿಕೋನ್ ಕೆಳಗೆ ಗಾಡಿಯಲ್ಲೇ ಇದೆ. ತಂದು ಮುಚ್ಚಿಕೊಡ್ತೀನಿ, ಐದು ನಿಮಿಷದ ಕೆಲಸ. ಯಾರಿಗೂ ಹೇಳಲ್ಲ."

ಕುರ್ಚಿಯಲ್ಲಿ ಕೂತಿದ್ದ ಅತ್ತೆ ಅಳಿಯನ ಮುಖ ನೋಡಿದರು. ಗಾಜಣ್ಣ ಲೋಟದ ನೀರಿನಲ್ಲಿ ಬೆರಳದ್ದಿ, ಕೈಯ ಹಿಂಬದಿಯನ್ನು ಒದ್ದೆ ಮಾಡಿಕೊಂಡು ಕೆಳಗಿನ ಸಂದಿಗೆ ಒಡ್ಡಿದರು.

"ಬೇಡಪ್ಪ" ಅಂದರು. "ನೀನು ಏಣಿ ತಗೊಂಡು ಹೋಗು."