ಪೌಡರಿನ ಕೆಳಗಿನ ಮುಖ

ಕಟಿಂಗ್ ಮುಗಿದ ಮೇಲೆ ನಮ್ಮ ಟಿಳಕವಾಡಿಯ ಸಲೂನಿನವನು ಕೇಳದೆಯೇ ಕುತ್ತಿಗೆಗೆ ಪೌಡರ್ ಬಡಿಯುತ್ತಾನೆ. ಬೇಡವೆಂದರೂ ಬಿಡುವುದಿಲ್ಲ, ಹಾಗೆಯೇ ಕಳಿಸಿದರೆ ಅಂಗಡಿಯ ಮರ್ಯಾದೆ ಹೋಗುತ್ತದಂತೆ. ನಿನ್ನೆಯೂ ಬಡಿದ. ಆ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಕಾಣೆ. ಮದುವೆಮನೆ ಎನ್ನುವವರೇ ಹೆಚ್ಚು. ನನಗೆ ನೆನಪಾಗುವುದು ಅಕ್ಕನ ಮಗಳು ನೀಲಾಳ ಮೂತ್ರಪಿಂಡ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಬೆಳಗಾವಿಯ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ಅಕ್ಕನನ್ನು ಖಾನಾಪುರ ತಾಲೂಕಿನ ಬೀಡಿ ಎಂಬ ಊರಿಗೆ ಕೊಟ್ಟಿತ್ತು. ನೀಲಾಗೆ ಹನ್ನೊಂದು ವರ್ಷ. ಬೆಳಿಗ್ಗೆ ಎದ್ದರೆ ಕಣ್ಣು ಊದಿರುತ್ತಿದ್ದವು, ಸಂಜೆಯಾದರೆ ಕಾಲು. "ಸಾಲಿ ತಪ್ಪಸಾಕ ಹೊಸಾ ಆಟ ಹೂಡ್ಯಾಳ" ಎಂದು ಅಕ್ಕ ಒಂದು ತಿಂಗಳು ಬೈದಳು. ಆಮೇಲೆ ಹೆದರಿ ನನ್ನ ಮನೆಗೆ ಕರೆತಂದಳು.

ಬೆಳಗಾವಿಯ ಡಾಕ್ಟರು ಸೂಜಿ ಹಾಕಿ ಮೂತ್ರಪಿಂಡದ ಒಂದು ಎಳೆ ತೆಗೆಸಿ ಮುಂಬಯಿಗೆ ಕಳಿಸಿದರು. ರಕ್ತ ಸೋಸುವ ಪೊರೆ ದಪ್ಪಗಾಗಿದೆ ಎಂದು ಉತ್ತರ ಬಂತು. ಮಕ್ಕಳಲ್ಲಿ ಅಪರೂಪದ ಕಾಯಿಲೆ. ಯಾಕೆ ದಪ್ಪಗಾಯಿತು ಎಂಬುದಕ್ಕೆ ಮಾತ್ರ ಉತ್ತರವಿರಲಿಲ್ಲ.

"ಎರಡು ದಾರಿ ಅದಾವ" ಎಂದರು ಡಾಕ್ಟರು. "ಕಾರಣನ ಇಲ್ಲದ ಬಂದಿದ್ದರ ಕಾಯೂಣು. ಹುಡುಗರೊಳಗ ಎಷ್ಟೋ ಸಲ ತಾನ ಇಳೀತದ. ಆದರ ಲೂಪಸ್ ಅಂತ ಒಂದು ರೋಗ ಅದ. ಮೈ ಕಾಯೂ ಕಾವಲುಗಾರನೇ ತನ್ನ ಮನಿ ಒಡೆಯೂದು. ಅದಾದರ ಕಾಯೂಹಂಗಿಲ್ಲ, ಇವತ್ತು ಕಿಡ್ನಿ, ನಾಳೆ ಮತ್ತೇನರೆ ಹಿಡೀತದ."

ಎರಡೂ ಸೂಕ್ಷ್ಮದರ್ಶಕದಲ್ಲಿ ಬಹುಮಟ್ಟಿಗೆ ಒಂದೇ ರೀತಿ ಕಾಣುತ್ತಿದ್ದವು. ಆಗಿನ ರಕ್ತಪರೀಕ್ಷೆಯಲ್ಲಿ ಲೂಪಸ್ ಸಿಗಲಿಲ್ಲ. ಸಿಗದಿದ್ದರೆ ಇಲ್ಲವೆಂದೂ ಅರ್ಥವಲ್ಲ ಎಂದರು. ಉಳಿದದ್ದು ಪ್ರಶ್ನೆ ಕೇಳುವುದು. ಕೀಲು ನೋವು? ಬಾಯಲ್ಲಿ ಹುಣ್ಣು? ಕೂದಲು ಉದುರುತ್ತವೆಯೇ? ಮುಖದ ಮೇಲೇನಾದರೂ ಎದ್ದಿತ್ತೇ? ಅಕ್ಕ ಎಲ್ಲಕ್ಕೂ "ಏನೂ ಇಲ್ರಿ" ಎಂದಳು.

ಬೀಡಿಯಲ್ಲಿ ಅಷ್ಟರೊಳಗೆ ಕಾರಣಗಳ ಸಂತೆಯೇ ನೆರೆದಿತ್ತು. ಬಾವಿ ನೀರು ಅಂದರು, ರಾತ್ರಿ ಉಂಡ ಮೊಸರು ಅಂದರು, ದೃಷ್ಟಿ ಅಂದರು. ಒಬ್ಬ ಅಜ್ಜಿ, "ಆ ಪೇಪರಿನ ಮಾಮಾನ ಮನ್ಯಾಗ ಏನ ತಿಂದಿತ್ತೋ ಕೂಸು" ಎಂದು ನನ್ನನ್ನೂ ಸೇರಿಸಿದಳಂತೆ. ಗೊತ್ತಿಲ್ಲ ಎಂದು ಹೇಳಿದವರು ಇಡೀ ತಾಲೂಕಿನಲ್ಲಿ ಆ ಡಾಕ್ಟರೊಬ್ಬರೇ.

ಈಗ ಪೌಡರಿಗೆ ಬರುತ್ತೇನೆ. ಅಕ್ಕನಿಗೆ ಬೆಳಗಾವಿಗೆ ಹೊರಡುವುದೆಂದರೆ ಬೀಗರ ಮನೆಗೆ ಹೊರಟಂತೆ. ಮಗಳಿಗೆ ಇಸ್ತ್ರಿ ಮಾಡಿದ ಲಂಗ, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಹಣೆಗೆ ವಿಭೂತಿ, ಮುಖಕ್ಕೆ ಎರಡು ಸುತ್ತು ಪೌಡರ್. ಬಸ್ಸಿನಲ್ಲಿ ಬೆವರಿದ್ದರೆ ನಮ್ಮ ಮನೆಯಲ್ಲಿಳಿದು ಮತ್ತೊಂದು ಸುತ್ತು. ನಮ್ಮ ಪತ್ರಿಕೆಗೆ ಒಬ್ಬ ಹಳ್ಳಿಯ ವರದಿಗಾರರಿದ್ದರು. ಸುದ್ದಿಯನ್ನು ಎಷ್ಟು ಅಲಂಕರಿಸಿ ಕಳಿಸುತ್ತಿದ್ದರೆಂದರೆ, ವಿಶೇಷಣಗಳನ್ನು ಹೊಡೆದುಹಾಕುತ್ತ ಹೋದರೆ ಯಾರ ಮನೆಗೆ ಬೆಂಕಿ ಬಿತ್ತೆಂಬುದು ಕೊನೆಯ ಸಾಲಿನಲ್ಲಿ ಸಿಗುತ್ತಿತ್ತು. ಅವರನ್ನು ನಾನು ದಿನವೂ ಬೈಯುತ್ತಿದ್ದೆ. ಅಕ್ಕನ ಅಲಂಕಾರ ನೋಡಿ ಮಾತ್ರ, ಹುಡುಗಿ ಲಕ್ಷಣವಾಗಿದ್ದಾಳೆ ಎನ್ನುತ್ತಿದ್ದೆ.

ಶೇಂಗಾ ಕೀಳುವ ದಿನಗಳು ಮುಗಿದ ಮೇಲೊಮ್ಮೆ ಅವರೊಂದಿಗೆ ನಾನೂ ಆಸ್ಪತ್ರೆಗೆ ಹೋಗಿದ್ದೆ. ಎಂದಿನಂತೆ ಕಾಲನ್ನು ಒತ್ತಿ ನೋಡಿದ ಡಾಕ್ಟರು, ಅಂದು ಕಣ್ಣಿನ ಕೆಳಗಿನ ಊತಕ್ಕೂ ಹೆಬ್ಬೆರಳಿಟ್ಟರು. ಬೆರಳು ಬೆಳ್ಳಗಾಯಿತು.

"ಏನವಾ, ಹಿಟ್ಟಿನ ಗಿರಣಿಯಿಂದ ಬಂದೀಯೇನು? ಹೋಗು, ಮಾರಿ ತೊಳಕೊಂಡು ಬಾ."

ಅಕ್ಕ ಎದ್ದು ಅಡ್ಡ ನಿಂತಳು. "ಬ್ಯಾಡ್ರಿ ಸಾಹೇಬ್ರ, ಹೊಲದಾಗ ಬಿಸಲಿಗೆ ಮಾರಿ ಸುಟ್ಟೈತಿ. ನೋಡೂಹಂಗ ಇಲ್ರಿ."

"ನೋಡಾಕನ ಕುಂತೀನಿ, ತಾಯಿ."

ನೀಲಾ ತೊಳೆದುಕೊಂಡು ಬಂದಳು. ಒಂದು ಕೆನ್ನೆಯಿಂದ ಮೂಗಿನ ಮೇಲೆ ಹಾದು ಇನ್ನೊಂದು ಕೆನ್ನೆಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿ, ಕಂದುಗೆಂಪು ಕಲೆ. ಡಾಕ್ಟರು ಅವಳ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು.

"ಇದು ಎಂದಿನಿಂದ ಅದ?"

ಅಕ್ಕ ನೆಲ ನೋಡುತ್ತ ಹೇಳಿದಳು: "ಹ್ವಾದ ಬ್ಯಾಸಿಗಿಯಿಂದ ಬರತೈತಿ, ಹೋಗತೈತಿ. ಹೆಣ್ಣ ಹುಡುಗಿ ಮಾರಿಮ್ಯಾಲಿನ ಕಲಿ, ನಾಲ್ಕು ಮಂದಿಗೆ ಯಾಕ ತೋರಸೂದಂತ..."

ಡಾಕ್ಟರು ಬೈಯಲಿಲ್ಲ. ಆ ಚಿಟ್ಟೆ ಲೂಪಸ್ಸಿನ ಗುರುತಿರಬಹುದೆಂದು ರಕ್ತವನ್ನು ಮತ್ತೆ ತೆಗೆಸಿ ಮುಂಬಯಿಗೆ ಕಳಿಸಿದರು, ಈ ಸಲ ಬೇರೆ ಪರೀಕ್ಷೆಗೆ. ಲೂಪಸ್ಸೇ ಎಂದು ಖಚಿತವಾಯಿತು. ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಎಂದು ಕೇಳಿದೆ. "ಕೆಟ್ಟದ್ದ. ಆದರ ಖರೇ ಸುದ್ದಿ. ಪೂರ್ತಿ ಗುಣ ಅಂತ ಹೇಳೂದಿಲ್ಲ. ಹದ್ದಬಸ್ತಿನಾಗ ಇಡಬಹುದು" ಎಂದರು.

ಕಾಯುವುದು ನಿಂತು ಮಾತ್ರೆಗಳು ಶುರುವಾದವು. ರೋಗ ಕೆರಳಿಸುವ ಹೊಲದ ಬಿಸಿಲು ಬಂದ್. ಮಾತ್ರೆಯಿಂದ ಮುಖ ಗುಂಡಗಾಯಿತು. ಸಾಲಿಯಲ್ಲಿ ಹುಡುಗರು "ಪುರಿ ಬಂತು, ಪುರಿ!" ಎಂದರೆ, ಇವಳು "ಉಬ್ಬಿದ್ದಕ್ಕ ಪುರಿ ಅಂತಾರ, ಇಲ್ಲಂದ್ರ ನಿಮ್ಮಂಗ ಚಪಾತಿ" ಎನ್ನುತ್ತಿದ್ದಳಂತೆ. ಕಾಲಿನ ಊತ ಇಳಿಯಲು ವರ್ಷಗಳೇ ಹಿಡಿದವು. ಎರಡು ಸಲ ಮರಳಿತು, ಎರಡು ಸಲವೂ ಇಳಿಯಿತು. ಮೂತ್ರಪಿಂಡ ಉಳಿಯಿತು.

ನೀಲಾ ಈಗ ಐವತ್ತು ದಾಟಿದ್ದಾಳೆ, ಇಲ್ಲೇ ಬೆಳಗಾವಿಯಲ್ಲಿ ಮಾಸ್ತರಿಣಿ. ನಿನ್ನೆ ಸಲೂನಿನಿಂದ ಮನೆಗೆ ಬಂದವನು ಅವಳಿಗೆ ಫೋನು ಮಾಡಿದೆ.

"ಆರಾಮದೀರೇನ್ರಿ ಮಾಮಾ?"

"ಆರಾಮದೀನವಾ."

ಕೇಳಿದವರಿಗೆಲ್ಲ ನಾನು ಕೊಡುತ್ತಿರುವ ಉತ್ತರ ಅದು. ನನ್ನ ಡಾಕ್ಟರಿಗೂ ಅದನ್ನೇ ಕೊಟ್ಟು ಬಂದಿದ್ದೇನೆ. ನಿನ್ನೆ ಯಾಕೋ ಅಲ್ಲಿಗೇ ನಿಲ್ಲಿಸಲಾಗಲಿಲ್ಲ.

"ಮೆಟ್ಟಲಾ ಹತ್ತುಮುಂದ ಎದಿ ಹಿಡೀತೈತಿ, ನೀಲಾ. ಭಾಳ ದಿನಾತು. ಯಾರಿಗೂ ಹೇಳಿಲ್ಲ."

"ಹೆಂಗದೀರಿ ಹಂಗ ಕುಂದರ್ರಿ" ಎಂದಳು. "ರಿಕ್ಷಾ ತಗೊಂಡು ಬಂದೆ."